ಆರತಕ್ಷತೆಯ ಸಂಜೆಗೊಂದು ಟೈ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಮದುವೆಗಂಡು ಟೈ ಕಟ್ಟುವುದು ಒಂದೇ ಒಂದು ಸಂಜೆ. ಬೆಳಗ್ಗೆ ಧಾರೆಗೆ ಪಂಚೆ, ಶಲ್ಯ, ಪೇಟ ಇದ್ದೇ ಇರುತ್ತೆ. ಅದನ್ನು ಹೇಗೆ ಉಡಬೇಕು, ಹೇಗೆ ಹೊದೆಯಬೇಕು ಅಂತ ತೋರಿಸಿಕೊಡೋಕೆ ಸೋದರಮಾವನೋ ದೊಡ್ಡಪ್ಪನೋ ಮುಂದೆ ನಿಂತಿರುತ್ತಾರೆ. ಹಿಂದಿನ ಸಂಜೆಯ ಆರತಕ್ಷತೆಗೆ ಟೈ ಯಾವುದು ಅಂತ ಕೇಳಿ ನೋಡಿ, ಮನೆಯವರೆಲ್ಲ ಸುಮ್ಮನಾಗಿಬಿಡುತ್ತಾರೆ. ಸೂಟಿಗೆ ಮೂರು ಸಲ ಬಂದು ಅಳತೆ ಕೊಟ್ಟ ಹುಡುಗ, ಬಿಲ್ಲು ಹಾಕಿಸುವ ಹೊತ್ತಿಗೆ ಕೈಗೆ ಸಿಕ್ಕಿದ ಒಂದು ಟೈ ಎಳೆದುಕೊಂಡು ಹೋಗುತ್ತಾನೆ. ಹೊಲಿಗೆಯಲ್ಲೇ ಬದುಕು ಕಳೆದ ನನಗೆ ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತೆ. ಫೋಟೋದಲ್ಲಿ ಮುಖ ಬಿಟ್ಟರೆ ಕಣ್ಣು ಹೋಗುವುದು ನೇರ ಅಲ್ಲಿಗೇ ಅಲ್ಲವೇ?

ನನ್ನ ತಮ್ಮನ ಮದುವೆಯಲ್ಲಿ ಹೀಗಾಯಿತು. ಹುಡುಗಿಯ ಸೀರೆ ಬದನೆಕಾಯಿ ಬಣ್ಣದ್ದು. ಸೀರೆ ಅವರ ಮನೆಯಲ್ಲಿತ್ತು, ನಾವು ಬಣ್ಣ ನೆನಪಿಟ್ಟುಕೊಂಡು ಪೇಟೆಗೆ ಹೋದೆವು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅಚ್ಚು ಅದೇ ಬಣ್ಣದ ಟೈ ಸಿಕ್ಕಿತು ಅಂದುಕೊಂಡು ಖುಷಿಯಿಂದ ತಂದೆವು. ಛತ್ರದ ವೇದಿಕೆ ಮೇಲೆ ವಿಡಿಯೋದವರು ಹಳದಿ ದೀಪ ಹಾಕಿದರು ನೋಡಿ, ಸೀರೆ ಕೆಂಪಿಗೆ ತಿರುಗಿತು, ಟೈ ನೀಲಿಗೆ ತಿರುಗಿತು. ಆಲ್ಬಮ್ಮಿನ ಉದ್ದಕ್ಕೂ ಅವೆರಡೂ ಒಂದಕ್ಕೊಂದು ಸೇರದೆ ಉಳಿದವು. ಸೀರೆಗೆ ಹಾಕಿದ ಬಣ್ಣ ಬೇರೆ, ಟೈಗೆ ಹಾಕಿದ ಬಣ್ಣ ಬೇರೆ. ಒಂದು ಬೆಳಕಿನಲ್ಲಿ ಒಂದೇ ಥರ ಕಂಡವು ಇನ್ನೊಂದರಲ್ಲಿ ಹಾಗೇ ಕಾಣಬೇಕೆಂದಿಲ್ಲ.

ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ರವಿಕೆ ಹೊಲಿಸಿ ಉಳಿದ ಬಟ್ಟೆಯ ತುಂಡು ಒಂದನ್ನು ಹುಡುಗಿ ಮನೆಯಿಂದ ಕೇಳಿ ತರಿಸಿಕೊಳ್ಳಿ. ಅಂಗೈಯಗಲ ಇದ್ದರೆ ಸಾಕು. ಅದನ್ನೂ ಟೈಯನ್ನೂ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬನ್ನಿ, ಬಿಸಿಲಿನಲ್ಲಿ ನೋಡಿ. ಆಮೇಲೆ ಹಳದಿ ದೀಪದಡಿಯಲ್ಲಿ ಇನ್ನೊಮ್ಮೆ ನೋಡಿ. ಸೀರೆಯ ಒಡಲಿನ ಬಣ್ಣವನ್ನೇ ಹುಡುಕುತ್ತಾ ಕೂರಬೇಡಿ. ಹೊಂದಿದರೂ ಸೀರೆಯಿಂದಲೇ ಕತ್ತರಿಸಿ ಹೊಲಿದ ಹಾಗಿರುತ್ತೆ. ಅಂಚಿನ ಬಣ್ಣ ಹಿಡಿಯಿರಿ. ಕುಂಕುಮ ಬಣ್ಣದ ಸೀರೆಗೆ ಹಸಿರು ಅಂಚಿದ್ದರೆ, ಅದೇ ಹಸಿರಿನ ಗಾಢವಾದ ಟೈ ಬಿಳಿ ಅಂಗಿಯ ಮೇಲೆ ಎಷ್ಟು ಚೆನ್ನಾಗಿ ಕೂರುತ್ತೆ ಅಂತೀರಿ! ಟೈ ಯಾವತ್ತೂ ಅಂಗಿಗಿಂತ ಗಾಢವಾಗಿರಲಿ. ತೀರಾ ಸಣ್ಣ ಗೆರೆಗಳು ಬೇಡ, ವಿಡಿಯೋದಲ್ಲಿ ಅವು ಅಲೆಅಲೆಯಾಗಿ ನಡುಗುತ್ತವೆ.

ಇನ್ನೊಂದು ಸಂಗತಿ, ಯಾರೂ ಯೋಚಿಸದೆ ಬಿಡುವಂಥದ್ದು. ನಮ್ಮ ಆರತಕ್ಷತೆಯಲ್ಲಿ ಕೊರಳಿಗೆ ಹಾರ ಬೀಳುತ್ತೆ. ಆಮೇಲೆ ಟೈ ಕಾಣುವುದು ಹಾರದ ಎರಡು ಎಳೆಗಳ ನಡುವೆ ಮಾತ್ರ. ಗುಲಾಬಿ ಹಾರದ ಮಧ್ಯೆ ಕೆಂಪು ಟೈ ಇದ್ದೂ ಇಲ್ಲದಂತೆ. ಹಾಗಾಗಿ ಹೂವಿನವರಿಗೆ ಏನು ಹೇಳಿದ್ದೀರಿ ಅನ್ನುವುದನ್ನೂ ತಿಳಿದುಕೊಂಡೇ ಟೈ ಆರಿಸಿ. ಹಾರಕ್ಕೆ ನೀರು ಚಿಮುಕಿಸಿರುತ್ತಾರೆ; ರೇಷ್ಮೆ ಮೇಲೆ ಆ ಹನಿ ಬಿದ್ದರೆ ಕಲೆ ನಿಲ್ಲುತ್ತೆ. ಹಾಕುವ ಮುಂಚೆ ಒಮ್ಮೆ ಕೊಡವಿಸಿ.

ಬಟ್ಟೆ ರೇಷ್ಮೆಯದೇ ಇರಲಿ. ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಿಂದ ಬಂದದ್ದು. ಅದನ್ನು ನಡೆಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಸೀರೆಯ ಜೊತೆಗೆ ಟೈಗಳನ್ನೂ ತಯಾರಿಸಿದೆ. ಹೆಚ್ಚು ಹುರಿ ಹಾಕಿದ ನೂಲಿನಿಂದ ನೇಯ್ದ ಕ್ರೇಪ್ ರೇಷ್ಮೆ ಗಂಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ, ಜಾರುವುದಿಲ್ಲ. ಒಳ್ಳೆಯ ಟೈಯ ಬಟ್ಟೆಯನ್ನು ನೇಯ್ಗೆಯ ಎಳೆಗೆ ಓರೆಯಾಗಿ ಕತ್ತರಿಸಿರುತ್ತಾರೆ. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬಾತ 1920ರ ದಶಕದಲ್ಲಿ, ಓರೆಯಾಗಿ ಕತ್ತರಿಸಿದ ಮೂರು ತುಂಡು ಸೇರಿಸಿ ಹೊಲಿಯುವ ಕ್ರಮಕ್ಕೆ ಪೇಟೆಂಟ್ ಪಡೆದ. ಕಟ್ಟಿ ಬಿಚ್ಚಿದರೂ ಟೈ ಮತ್ತೆ ನೆಟ್ಟಗಾಗುವುದು ಅದರಿಂದಲೇ. ಪರೀಕ್ಷೆ ಸುಲಭ: ಸಣ್ಣ ತುದಿ ಹಿಡಿದು ತೂಗುಬಿಡಿ. ನೆಟ್ಟಗೆ ನಿಂತರೆ ಸರಿ, ತಿರುಚಿಕೊಂಡರೆ ಬಿಟ್ಟುಬಿಡಿ. ಹಿಂಬದಿಯಲ್ಲಿ ಸಡಿಲ ದಾರವೊಂದು ಕಂಡರೆ ಕತ್ತರಿಸಬೇಡಿ, ಹೊಲಿಗೆಯ ಪ್ರಾಣವೇ ಅದು.

ಉದ್ದ ಸಾಮಾನ್ಯವಾಗಿ 58 ಇಂಚಿನ ಆಸುಪಾಸು. ಕಟ್ಟಿದ ಮೇಲೆ ತುದಿ ಬೆಲ್ಟಿನ ಬಕಲ್ಲಿಗೆ ತಾಕಬೇಕು. ಹುಡುಗ ಆರಡಿ ಮೀರಿದ್ದರೆ ಉದ್ದದ ಟೈಯನ್ನೇ ಕೇಳಿ ಪಡೆಯಿರಿ. ಅಗಲ ಕೋಟಿನ ಎದೆ ಮೇಲೆ ಮಡಚಿದ ಪಟ್ಟಿಯಷ್ಟಿದ್ದರೆ ಕಣ್ಣಿಗೆ ಹಿತ.

ಕರಾವಳಿಯ ಕ್ರೈಸ್ತ ಮದುವೆಗಳಲ್ಲಿ ಇಗರ್ಜಿಗೇ ಸೂಟು ಟೈ ತೊಟ್ಟು ಹೋಗುತ್ತಾರೆ; ವಧು ಬಿಳಿ ತೊಟ್ಟಿರುವುದರಿಂದ ಅಲ್ಲಿ ಬಣ್ಣದ ಸ್ವಾತಂತ್ರ್ಯ ಹೆಚ್ಚು. ಎಲ್ಲೇ ಆಗಲಿ, ಅತಿಥಿಯಾಗಿ ಹೋಗುವವರು ಅಪ್ಪಟ ಕಪ್ಪು ಟೈ ಬಿಡಿ. ಶುಭಕಾರ್ಯಕ್ಕೆ ಕಪ್ಪು ನಮ್ಮ ಹಿರಿಯರಿಗೆ ಹಿಡಿಸುವುದಿಲ್ಲ. ಬ್ರಿಟನ್ನಿನಲ್ಲೂ ಉದ್ದನೆಯ ಕಪ್ಪು ಟೈ ಶವಸಂಸ್ಕಾರದ್ದು.

ಮದುವೆಗೆ ನಾಲ್ಕು ದಿನ ಮುಂಚೆ, ಅದೇ ಅಂಗಿ ತೊಟ್ಟು, ಕನ್ನಡಿ ಮುಂದೆ ನಿಂತು ಹುಡುಗ ತಾನೇ ಕಟ್ಟಿ ನೋಡಲಿ. ಗಂಟಿನ ಕೆಳಗೆ ಹೆಬ್ಬೆರಳಿನಿಂದ ಒಂದು ಸಣ್ಣ ಗುಳಿ ಒತ್ತಲಿ. ಛತ್ರದ ಕೋಣೆಯಲ್ಲಿ, ಹತ್ತು ಜನರ ಗಡಿಬಿಡಿಯ ನಡುವೆ, ಆ ಗುಳಿ ಬೀಳುವುದೇ ಇಲ್ಲ.

ನಮಸ್ಕಾರ.