ಬಿಲ್ಲೆಯ ಮೇಲೆ 88 ಗೆರೆ, ಸ್ಪೀಕರಿನಲ್ಲಿ ಒಂದು ಸ್ವರ

ಬೆಳಕಿನಿಂದ ಸ್ವರ ಹೊರಡಿಸುವ ಉಪಕರಣವೊಂದನ್ನು ಈ ವಿಡಿಯೊದಲ್ಲಿ ಮಾಡಿದ್ದೇನೆ. ಕತ್ತರಿಸುವುದೂ ಬೆಸುಗೆ ಹಾಕುವುದೂ ದೃಶ್ಯದಲ್ಲೇ ಕಾಣುತ್ತಿರುವುದರಿಂದ ಅವನ್ನು ವಿವರಿಸುವುದಿಲ್ಲ. ಪಾರದರ್ಶಕ ಹಾಳೆಯ ಈ ಬಿಲ್ಲೆಯ ಅಂಚಿನಲ್ಲಿ ಕಪ್ಪು ಮಾರ್ಕರಿನಿಂದ 88 ಗೆರೆಗಳನ್ನು ಎಳೆದಿದ್ದೇನೆ. ಬಿಲ್ಲೆ ಸೆಕೆಂಡಿಗೆ 5 ಸುತ್ತು ತಿರುಗಿದರೆ ಟಾರ್ಚಿನ ಬೆಳಕು 440 ಬಾರಿ ತಡೆದು ತಡೆದು ಹಾಯುತ್ತದೆ. ಸಣ್ಣ ಸೀಳೊಂದನ್ನು ಬಿಟ್ಟು ಉಳಿದೆಡೆ ಕಪ್ಪು ಟೇಪು ಅಂಟಿಸಿದ ಸೋಲಾರ್ ಸೆಲ್ ಆ ಏರಿಳಿತವನ್ನು ವಿದ್ಯುತ್ತಾಗಿಸಿ ಆಂಪ್ಲಿಫೈಯರಿಗೆ ಕೊಡುತ್ತದೆ, ಸ್ಪೀಕರಿನಲ್ಲಿ ಅದೇ ಸ್ವರವಾಗಿ ಕೇಳಿಸುತ್ತದೆ. ನಡುವೆ ಕಂಪ್ಯೂಟರ್ ಇಲ್ಲ.

ನಿನ್ನೆ ಸಂಜೆಯೆಲ್ಲ ಹಾಳಾದ ಕಥೆಯನ್ನು ಮಾತ್ರ ಹೇಳಲೇಬೇಕು. ಮೋಟಾರು ನಿಲ್ಲಿಸಿದರೂ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ನಿಲ್ಲಲಿಲ್ಲ. ಕೇಬಲ್ಲೇ ಕೆಟ್ಟಿದೆಯೆಂದು ತೀರ್ಮಾನಿಸಿ, ಕೊಪ್ಪಳದ ಬಿಸಿಲಿನಲ್ಲಿ ಪೇಟೆಗೆ ಹೋಗಿ 120 ರೂಪಾಯಿ ಕೊಟ್ಟು ಹೊಸದನ್ನು ತಂದೆ. ಸದ್ದು ಹಾಗೆಯೇ ಇತ್ತು. ಹಳೆಯ ಕೇಬಲ್ ಮಾರಿದವರನ್ನು ಮನಸ್ಸಿನಲ್ಲೇ ಬೈದು, ಹೊಸದನ್ನು ಮಾರಿದವರನ್ನೂ ಬೈದೆ. ಏಳೂವರೆಗೆ ಕರೆಂಟು ಹೋಯಿತು. ಆಂಪ್ಲಿಫೈಯರ್ ಬ್ಯಾಟರಿಯದ್ದಾದ್ದರಿಂದ ನಡೆಯುತ್ತಲೇ ಇತ್ತು, ಆದರೆ ಟ್ಯೂಬ್‌ಲೈಟಿನೊಂದಿಗೆ ಗುಂಯ್ ಕೂಡ ಆರಿಹೋಯಿತು. ನಮ್ಮ ಮನೆಯ ಕರೆಂಟು 50 ಹರ್ಟ್ಜ್‌ನದು. ಪ್ರತಿ ಆವರ್ತದಲ್ಲಿ ಅದು ಎರಡು ಸಲ ಏರಿಳಿಯುವುದರಿಂದ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಕಾಣದ್ದನ್ನು ಸೋಲಾರ್ ಸೆಲ್ ಬಿಡದೆ ಕೇಳಿಸುತ್ತಿತ್ತು. ಕೇಬಲ್ ಅಂಗಡಿಯವರಲ್ಲಿ ಕ್ಷಮೆ ಕೋರುತ್ತೇನೆ, 120 ರೂಪಾಯಿಯ ಸಂಕಟ ಮಾತ್ರ ಹಾಗೆಯೇ ಇದೆ.

ಇದೇ ಕೆಲಸಕ್ಕೆ ಐದು ರೂಪಾಯಿಯ ಎಲ್‌ಡಿಆರ್ (ಬೆಳಕು ಬಿದ್ದಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ) ಸಾಕೆಂದು ಹಿಂದೊಮ್ಮೆ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅದು ಬಹಳ ನಿಧಾನ, ಇಷ್ಟು ವೇಗದ ಗೆರೆಗಳು ಅದಕ್ಕೆ ಬರೀ ಬೂದುಬಣ್ಣ. ಆದರೂ ಸ್ವರ ಹೊರಡಿಸಬಲ್ಲ 555 ಎಂಬ ಟೈಮರ್ ಚಿಪ್ಪಿಗೆ ಜೋಡಿಸಿ ಕೈಯ ನೆರಳಿನಿಂದ ಸ್ವರವನ್ನು ಏರಿಳಿಸುವುದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ರಷ್ಯಾದ ಎವ್ಗೆನಿ ಮುರ್ಜಿನ್ ಕಟ್ಟಿದ ಎಎನ್‌ಎಸ್ ಎಂಬ ಸಂಗೀತ ಯಂತ್ರದಲ್ಲಿ ಇಂತಹ ಗಾಜಿನ ಬಿಲ್ಲೆಗಳಿಂದ 720 ಸ್ವರಗಳು ಹೊರಡುತ್ತವೆ. ಕಪ್ಪು ಲೇಪವಿರುವ ಗಾಜಿನ ಹಲಗೆಯನ್ನು ಕೆರೆದಲ್ಲಿ ಮಾತ್ರ ಬೆಳಕು ತೂರಿ, ಆ ಎತ್ತರದ ಸ್ವರ ನುಡಿಯುತ್ತದೆ. ನಮ್ಮ ಮೋರನಾಳದ ತೊಗಲುಗೊಂಬೆಯವರಿಗೆ ಇದನ್ನು ಹೇಳಿದರೆ ಅಚ್ಚರಿಪಡಲಾರರು. ತೊಗಲಿಗೆ ತೂತು ಕೊರೆದು ಆಭರಣಕ್ಕೆ ಬೆಳಕು ತುಂಬುವವರು ಅವರು.

ಕ್ಲಿಪ್ ಮುಗಿಯುತ್ತಾ ಬಂತು, ಬಿಲ್ಲೆಗೆ ಮರಳೋಣ. ಸ್ವರದ ನಡುವೆ ಸೆಕೆಂಡಿಗೆ ಐದು ಬಾರಿ ಟಕ್ ಎನ್ನುತ್ತಿರುವುದು ಕೇಳಿಸಿತೇ? ಕೈಯಲ್ಲಿ ಎಳೆದದ್ದರಿಂದ 88ನೆಯ ಗೆರೆ ಮೊದಲನೆಯದಕ್ಕೆ ಅಂಟಿಕೊಂಡಿದೆ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಅದೊಂದನ್ನೇ ಒರೆಸಿದೆ. ಈಗ ಅಲ್ಲಿ ಅಗಲವಾದ ಖಾಲಿ ಜಾಗವಾಗಿ, ಟಕ್ ಎಂಬುದು ಮೊದಲಿಗಿಂತ ಜೋರಾಗಿದೆ.