ಪ್ರೀತಿ ಮೊದಲು, ಉಪವಾಸ ಆಮೇಲೆ

ಪ್ರಿಯ ಸಹೋದರ ಸಹೋದರಿಯರೇ,

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಶುರುವಾದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಸಲ ಏನು ಬಿಟ್ಟಿದ್ದೀರಿ? ಒಬ್ಬರು ಮಾಂಸ ಬಿಟ್ಟಿರುತ್ತಾರೆ, ಇನ್ನೊಬ್ಬರು ಸಿಹಿ. ಮಕ್ಕಳು ಮೊಬೈಲ್ ಬಿಟ್ಟಿರುತ್ತಾರೆ, ಮಧ್ಯಾಹ್ನದ ತನಕ! ಒಳ್ಳೆಯದೇ. ಉಪವಾಸವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಅದರ ಜೊತೆಗೇ ಒಂದು ಲೆಕ್ಕವೂ ಒಳಗೆ ನುಸುಳುತ್ತದೆ. ಇಷ್ಟು ಬಿಟ್ಟೆನಲ್ಲ, ದೇವರು ನನ್ನನ್ನು ಸ್ವಲ್ಪ ಜಾಸ್ತಿ ಪ್ರೀತಿಸುತ್ತಾರೆ ಅನ್ನುವ ಲೆಕ್ಕ. ಅದರ ಬಗ್ಗೆಯೇ ಇವತ್ತು ನನ್ನ ಮಾತು.

ಯೇಸು 40 ದಿನ ಉಪವಾಸ ಮಾಡಿದ್ದು ನಿಮಗೆಲ್ಲ ಗೊತ್ತು. ಅದಕ್ಕೆ ಮುಂಚೆ ಏನಾಯಿತು? ಬೈಬಲಿನಲ್ಲಿ ಮತ್ತಾಯನ 3ನೇ ಅಧ್ಯಾಯ ನೋಡಿ. ಜೋರ್ಡನ್ ನದಿ, ಸ್ನಾನದೀಕ್ಷೆ, ಆಕಾಶದಿಂದ ದನಿ: ಈತ ನನ್ನ ಪ್ರಿಯ ಮಗ, ಈತನನ್ನು ಮೆಚ್ಚಿದ್ದೇನೆ. ಮತ್ತಾಯ ಅಲ್ಲಿಯವರೆಗೆ ಯೇಸುವಿನ ಒಂದು ಅದ್ಭುತವನ್ನೂ ಹೇಳಿಲ್ಲ, ಒಂದು ಬೋಧನೆಯನ್ನೂ ಹೇಳಿಲ್ಲ. ಉಪವಾಸ ಬರುವುದು 4ನೇ ಅಧ್ಯಾಯದಲ್ಲಿ. ಪ್ರೀತಿ ಮೊದಲು ಬಂತು, ಉಪವಾಸ ಆಮೇಲೆ. ಸೈತಾನ ಕೆಣಕಿದ್ದೂ ಇದನ್ನೇ. ನೀನು ದೇವರ ಮಗನಾಗಿದ್ದರೆ ಕಲ್ಲನ್ನು ರೊಟ್ಟಿ ಮಾಡಿ ತೋರಿಸು ಅಂದ. ಯೇಸು ತೋರಿಸಲು ಹೋಗಲಿಲ್ಲ. ತಂದೆ ಆಗಲೇ ಹೇಳಿಯಾಗಿತ್ತು.

ಈಗ ನನಗೆ ತುಂಬಾ ಇಷ್ಟದ ಕಥೆಗೆ ಬರುತ್ತೇನೆ. ಲೂಕನ 15ನೇ ಅಧ್ಯಾಯ, ತಪ್ಪಿಹೋದ ಮಗ. ಕಥೆ ಪೂರ್ತಿ ಹೇಳುವುದಿಲ್ಲ, ನಿಮಗೆ ಬಾಯಿಪಾಠ: ಕಿರಿಯ ಮಗ ಆಸ್ತಿಯ ಪಾಲು ತೆಗೆದುಕೊಂಡು ದೂರ ಹೋಗಿ, ಎಲ್ಲ ಕಳೆದುಕೊಂಡು, ಹೊಟ್ಟೆಪಾಡಿಗೆ ಹಂದಿ ಮೇಯಿಸುತ್ತಾನೆ. ಒಂದು ಜಾಗದಲ್ಲಿ ಮಾತ್ರ ನಿಲ್ಲೋಣ. ಹಂದಿಗಳ ನಡುವೆ ಕೂತು ಅವನು ಮನೆಯಲ್ಲಿ ಆಡಬೇಕಾದ ಮಾತನ್ನು ಕಟ್ಟಿಕೊಳ್ಳುತ್ತಾನೆ. ಅದರಲ್ಲಿ ಮೂರು ತುಂಡುಗಳಿವೆ. ಅಪ್ಪಾ, ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ. ನನ್ನನ್ನು ಕೂಲಿಯಾಳಾಗಿ ಇಟ್ಟುಕೋ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿರಬೇಕು, ಅಲ್ವಾ? ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡ, ಓಡಿ ಬಂದ, ತಬ್ಬಿಕೊಂಡ. ಮಗ ಶುರುಮಾಡಿದ. ಮೊದಲ ತುಂಡು ಹೇಳಿದ, ಎರಡನೆಯದನ್ನೂ ಹೇಳಿದ. ಮೂರನೆಯದು? ಅದು ಅವನ ಬಾಯಿಂದ ಬರಲೇ ಇಲ್ಲ. 19ನೇ ವಚನ, 21ನೇ ವಚನ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಉಡುಪು ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತೊಡಿಸಿ ಅನ್ನುತ್ತಿದ್ದಾನೆ. ಕೂಲಿಯ ಮಾತಿಗೆ ಆ ಮನೆಯಲ್ಲಿ ಜಾಗವೇ ಸಿಗಲಿಲ್ಲ.

ತಮ್ಮನಿಗೆ ಔತಣ ಅಂತ ಸಿಟ್ಟಾಗಿ ಹೊರಗೇ ನಿಂತ ಹಿರಿಯ ಮಗನ ಮಾತು ಕೇಳಿದ್ದೀರಲ್ಲ? ಇಷ್ಟು ವರ್ಷ ನಿನಗೆ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ. ಇದೂ ಕೂಲಿಯ ಲೆಕ್ಕವೇ! ಒಬ್ಬ ಮನೆ ಬಿಟ್ಟು ಹೋದವನು, ಒಬ್ಬ ಮನೆಯಲ್ಲೇ ಇದ್ದವನು. ಇಬ್ಬರೂ ಅಪ್ಪನನ್ನು ಯಜಮಾನ ಅಂತಲೇ ತಿಳಿದಿದ್ದರು. ಅಪ್ಪ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಂಡ. ದೇವಾಲಯಕ್ಕೆ ತಪ್ಪದೆ ಬರುವ ನಾವು ಹೆಚ್ಚಾಗಿ ನಿಂತಿರುವುದು ಇವನ ಪಕ್ಕದಲ್ಲೇ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ನಮಗಾಗಿಯೂ ಅಪ್ಪ ಹೊರಗೆ ಬಂದಿದ್ದಾನೆ ಅನ್ನುವ ಸಂತೋಷದಿಂದ ಹೇಳುತ್ತಿದ್ದೇನೆ.

ಇನ್ನೊಂದು. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದ ತನಕ ಎಣಿಸಿದರೆ 46 ದಿನ ಆಗುತ್ತದೆ. 6 ಭಾನುವಾರಗಳನ್ನು ಬಿಟ್ಟರೆ 40. ಯಾಕೆ ಬಿಡುತ್ತೇವೆ? ಪ್ರತಿ ಭಾನುವಾರವೂ ಪುನರುತ್ಥಾನದ ದಿನ. ಉಪವಾಸ ಮುಗಿಯಲಿ, ಆಮೇಲೆ ಬರುತ್ತೇನೆ ಅಂತ ದೇವರು ಕಾಯುವುದಿಲ್ಲ. ಪೌಲ ರೋಮ್‌ನವರಿಗೆ ಬರೆದದ್ದೂ ಇದನ್ನೇ: ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತರು.

ಸಮಯ ಆಗಿಬಿಟ್ಟಿದೆ, ಗುರುಗಳು ಗಡಿಯಾರ ನೋಡುತ್ತಿದ್ದಾರೆ. ದಾನದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಯೆಶಾಯನ 58ನೇ ಅಧ್ಯಾಯವನ್ನು ಮನೆಯಲ್ಲಿ ಓದಿ. ದೇವರಿಗೆ ಇಷ್ಟವಾದ ಉಪವಾಸ ಯಾವುದು ಅಂತ ಅಲ್ಲಿದೆ: ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳುವುದು. ಒಂದು ಹೊತ್ತಿನ ಊಟ ಬಿಟ್ಟರೆ ಆ ಊಟ ಇನ್ನೊಬ್ಬರಿಗೆ ತಲುಪಲಿ. ಗುರುಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಗೆ ವರ್ಷಗಳಿಂದ ಹೋಗದವರು ಇಲ್ಲಿದ್ದರೆ ಈ ವಾರವೇ ಹೋಗಿ. ಏನು ಹೇಳಬೇಕು ಅಂತ ಪೂರ್ತಿ ಸಿದ್ಧವಾಗುವ ತನಕ ಕಾಯಬೇಡಿ.