‘ಏನಿಲ್ಲ ಸ್ವಾಮಿ, ಮನೇಲಿದ್ಳು’

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ವಕೀಲನ ಕೈಗೆ ಮೈಕು ಕೊಟ್ಟವರು ಗಡಿಯಾರ ನೋಡಬಾರದು ಅಲ್ವಾ?

ರಸ್ತೆ ಅಪಘಾತದ ಪರಿಹಾರ ಅಂದ ಕೂಡಲೇ ಎಲ್ಲರೂ ಕೇಳುವುದು, ‘ಸತ್ತವರ ಸಂಬಳ ಎಷ್ಟು?’ ಸಂಬಳದ ಚೀಟಿ ಇಲ್ಲದವರ ಜೀವಕ್ಕೆ ಬೆಲೆಯೇ ಇಲ್ಲವೇನೋ ಅನ್ನುವ ಹಾಗೆ. ನನ್ನ ತಕರಾರು ಇರುವುದೇ ಇಲ್ಲಿ.

ಒಂದು ಕೇಸು ಹೇಳುತ್ತೇನೆ. ಮೂವತ್ತನಾಲ್ಕು ವರ್ಷದ ಹೆಣ್ಣುಮಗಳು, ಲಾರಿ ಬಡಿದು ತೀರಿಹೋದರು. ಗಂಡ ಕಟಕಟೆ ಹತ್ತಿದರು. ವಿಮಾ ಕಂಪನಿಯ ವಕೀಲರು ಮೆತ್ತಗೆ ಕೇಳಿದರು, ‘ನಿಮ್ಮ ಹೆಂಡತಿ ಏನು ಮಾಡುತ್ತಿದ್ದರು?’ ಈ ಮಹಾನುಭಾವ, ‘ಏನಿಲ್ಲ ಸ್ವಾಮಿ, ಮನೇಲಿದ್ಳು’ ಅಂದುಬಿಟ್ಟರು. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ.

ಊಟದ ಹೊತ್ತಿಗೆ ಹೊರಗೆ ಹಿಡಿದು ಕೂರಿಸಿದೆ. ‘ಎಷ್ಟು ಗಂಟೆಗೆ ಏಳ್ತಿದ್ರು?’ ‘ನಾಲ್ಕೂವರೆಗೆ.’ ‘ಎದ್ದು?’ ‘ಕೊಟ್ಟಿಗೆ ಬಳಿದು, ಎರಡು ಹಸು ಕರೆದು, ಡೇರಿಗೆ ಹಾಲು ಹಾಕ್ತಿದ್ಳು.’ ‘ಬಟವಾಡೆ?’ ‘ನನ್ನ ಹೆಸರಿಗೇ ಬರ್ತಿತ್ತು.’ ‘ಈಗ ಹಸು?’ ‘ಮಾರಿಬಿಟ್ಟೆ. ಯಾರು ನೋಡ್ಕೋತಾರೆ ಸ್ವಾಮಿ?’

ಡೇರಿ ಪಾಸ್‌ಬುಕ್ ತರಿಸಿದೆವು. ಅವರು ಸತ್ತ ಎರಡನೇ ವಾರದಿಂದ ಪುಟ ಖಾಲಿ. ಹೆಸರು ಗಂಡನದು, ದುಡಿಮೆ ಯಾರದು ಅಂತ ಆ ಖಾಲಿ ಪುಟವೇ ಹೇಳಿತು. ಸಂಘದ ಕಾರ್ಯದರ್ಶಿಯೂ ಸಾಕ್ಷಿಗೆ ಬಂದರು. ಹಾಲಿನ ಫ್ಯಾಟ್ ಬಗ್ಗೆ ಎಷ್ಟು ಮಾತಾಡಿದರು ಅಂದರೆ, ಜಡ್ಜ್ ಸಾಹೇಬರೇ ‘ಸಾಕಪ್ಪ’ ಅಂದರು!

ಈಗ ಲೆಕ್ಕ ನೋಡಿ. ಮನೆಗೆಲಸಕ್ಕೆ ತಿಂಗಳಿಗೆ 6,000 ಆದಾಯ ಅಂತ ಹಿಡಿಯೋಣ. ಸುಪ್ರೀಂ ಕೋರ್ಟಿನ ಪ್ರಣಯ್ ಸೇಥಿ ತೀರ್ಪಿನಂತೆ, ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆ ಅಂತ ಶೇ. 40 ಸೇರಿಸಬೇಕು. ಅವರ ಸ್ವಂತ ಖರ್ಚಿಗೆ ಮೂರರಲ್ಲೊಂದು ಭಾಗ ಕಳೆಯಿರಿ. ವರ್ಷದ್ದು ಮಾಡಿ, ಅದೇ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ, ಅವರ ವಯಸ್ಸಿಗೆ ತಕ್ಕ 16ರಿಂದ ಗುಣಿಸಿ. 10,75,200 ಬರುತ್ತದೆ. ಹಾಲಿನ 3,000 ಸೇರಿಸಿ 9,000 ಅಂತ ಹಿಡಿದರೆ 16,12,800. ಐದು ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ, ಒಂದು ಪಾಸ್‌ಬುಕ್ಕಿನಿಂದ.

ಹಸು ಇಲ್ಲದಿದ್ದರೂ ಗೃಹಿಣಿ ಸೊನ್ನೆ ಅಲ್ಲ. ಜೆಮ್‌ಶೆಡ್‌ಪುರದ ಬೆಂಕಿ ದುರಂತದ ಕೇಸಿನಲ್ಲಿ, 2001ರಲ್ಲೇ, ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ಕಟ್ಟಿತ್ತು. 2021ರಲ್ಲಿ ಗೃಹಿಣಿಗೂ ಮುಂದಿನ ಗಳಿಕೆ ಸೇರಿಸಿ ಅಂದಿತು. ಆದರೆ ‘ಮನೇಲಿದ್ಳು’ ಅನ್ನುವುದು ನಮ್ಮ ಬಾಯಿಂದ ಹೋಗಿಲ್ಲ. ನನ್ನ ಬಾಯಿಂದಲೂ! ಮೊನ್ನೆ ಬ್ಯಾಂಕಿನಲ್ಲಿ ನಮ್ಮ ಮನೆಯವರ ಉದ್ಯೋಗ ಕೇಳಿದರು. ‘ಏನಿಲ್ಲ’ ಅಂದೆ. ಮನೆಗೆ ಬಂದ ಮೇಲೆ ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ.

ಅಧ್ಯಕ್ಷರಿಂದ ಚೀಟಿ ಬಂತು. ಸರಿ, ಬೇಗ ಹೇಳುತ್ತೇನೆ. ಈಗಿನ ಕಾನೂನಿನಲ್ಲಿ ಅರ್ಜಿಗೆ ಆರು ತಿಂಗಳ ಗಡುವಿದೆ, ತಿಥಿ ಮುಗಿಯಲಿ ಅಂತ ಸುಮ್ನೆ ಕೂರಬೇಡಿ. ಗುದ್ದಿದ ಗಾಡಿ ಸಿಗದಿದ್ದರೂ ಸಾವಿಗೆ 2 ಲಕ್ಷದ ಸರ್ಕಾರಿ ಯೋಜನೆ ಇದೆ. ದಾಖಲೆಗಳ ವಿಚಾರ ಬಾಕಿ ಉಳಿಯಿತು. ಕಾಫಿ ಹೊತ್ತಿಗೆ ಸಿಗಿ, ಹೇಳುತ್ತೇನೆ.